ತಂಗಿಯ ಹೆಸರು ಕೊರೆದ ಡಬ್ಬಿ

ಪರದೇಶದ ಕೆಂಟ್ ಎಂಬ ಊರಿನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ಸ್ಟೀಲಿನ ಡಬ್ಬಿ ವರ್ಷವಿಡೀ ಖಾಲಿ ಕೂತಿತ್ತು. ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು: ವನಜಾ, ಗದಗ. ನನ್ನ ತಂಗಿ. ಇನ್ನೊಬ್ಬರ ಡಬ್ಬಿಯನ್ನು ನಾವು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ ಎಂಬುದು ನಿಮಗೆ ಗೊತ್ತೇ ಇದೆ. ನಾನು ಮಾತ್ರ ಹಿಂದಿರುಗಿಸಿರಲೇ ಇಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಪರದೇಶದ ಪದಗಳ ಮಾತೆತ್ತಿದರೆ ನಿಮಗೆ ನಗು ಬಂದೀತು. ಆದರೆ ಫ್ರೀಮಾಂಟಿನ ಆಚೆಗಿನ ವೃದ್ಧರ ನಿವಾಸವೊಂದರ ಅಡುಗೆಮನೆಯಲ್ಲಿ ನನಗೆ ಕೆಲಸ. ಅಲ್ಲಿ ಕಿಟಕಿ ಬದಿಯ ಮೇಜು ಮೂವರು ಅಜ್ಜಿಯರದು. ನಾರ್ವೆಯ ಇಂಗ್ರಿಡ್ ಊಟ ಮುಗಿಸಿ, ತಟ್ಟೆ ಎತ್ತಲು ಹೋದ ನನ್ನ ಕಣ್ಣನ್ನೇ ನೋಡುತ್ತ ‘ತಕ್ ಫೊರ್ ಮಾತೆನ್’ ಎನ್ನುತ್ತಾರೆ. ಊಟಕ್ಕೆ ಧನ್ಯವಾದ ಎಂದರ್ಥ. ಸ್ವೀಡನ್ನಿನ ಅಜ್ಜಿ ಅದನ್ನೇ ರಾಗವಾಗಿ ಎಳೆಯುತ್ತಾರೆ. ಡೆನ್ಮಾರ್ಕಿನ ಅಜ್ಜಿ ಅರ್ಧ ನುಂಗಿಬಿಡುತ್ತಾರೆ.

“ಬಾಯೊಳಗಿನ ಆಲೂಗಡ್ಡೆ ಮೊದಲು ನುಂಗು, ಆಮೇಲೆ ಮಾತಾಡು,” ಎಂದು ಇಂಗ್ರಿಡ್ ಆ ಡೆನ್ಮಾರ್ಕಿನ ಅಜ್ಜಿಯನ್ನು ರೇಗಿಸುವುದು ನಿತ್ಯದ ಆಟ.

ಬಾಯಿ ಮೂರಾದರೂ ಮಾತು ಒಂದೇ. ಹಳಬರು ಮತ್ತೆ ಭೇಟಿಯಾದಾಗ ಅವರು ಮೊದಲು ಹೇಳುವುದೂ ‘ತಕ್ ಫೊರ್ ಸಿಸ್ಟ್’, ಅಂದರೆ ಹೋದ ಸಲದ್ದಕ್ಕೆ ಧನ್ಯವಾದ. ಒಂದು ಕಾಲಕ್ಕೆ ಟೀಚರ್ ಆಗಿದ್ದ ಇಂಗ್ರಿಡ್ ಒಮ್ಮೆ ವಿವರಿಸಿದರು: ಆ ‘ತಕ್’ ಮತ್ತು ಇಂಗ್ಲಿಷಿನ ಥ್ಯಾಂಕ್ಸ್ ಒಂದೇ ಹಳೆಯ ಬೇರಿನವು, ಆ ಬೇರಿನ ಅರ್ಥ ನೆನೆಯುವುದು, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು. ಕೈಯಲ್ಲಿದ್ದ ತಟ್ಟೆಗಳು ನನಗೆ ಸಟ್ಟನೆ ಭಾರವಾದವು.

ಏಕೆಂದರೆ ನನಗೆ ಆಪರೇಷನ್ ಆದಾಗ ವನಜಾ ಗದಗಿನಿಂದ ಬಂದು ಐದು ತಿಂಗಳು ನನ್ನ ತಲೆ ಬಾಚಿ, ಅನ್ನ ಕಲಸಿ ಕೊಟ್ಟವಳು. ಹೋದ ವರ್ಷದ ಯುಗಾದಿಗೆ ಕನ್ನಡದವರೆಲ್ಲ ಸೇರುವ ಕಡೆಗೆಂದು ಬೆಳಗಿನಿಂದ ನಿಂತು ಹೋಳಿಗೆ ತಟ್ಟಿ, ಇದೇ ಡಬ್ಬಿಯಲ್ಲಿ ತುಂಬಿದಳು. ಅಲ್ಲಿ ಎಜುಕೇಶನ್ ಹಿಲ್ ಬಡಾವಣೆಯ ಸುಮಾ ಕೇಳಿದಳು:

“ವಾವ್ ಆಂಟಿ, ಎಷ್ಟು ಸಾಫ್ಟ್ ಆಗಿದೆ! ಯಾರು ಮಾಡಿದ್ದು? ರೆಸಿಪಿ ಶೇರ್ ಮಾಡ್ತೀರಾ?”

ಅಷ್ಟು ಓದಿದವರ ನಡುವೆ ನನ್ನನ್ನು ಯಾರೂ ಏನನ್ನೂ ಕೇಳಿದ್ದಿಲ್ಲ. “ನಾನೇ” ಅಂದುಬಿಟ್ಟೆ. ಪಕ್ಕದಲ್ಲೇ ವನಜಾ ಇದ್ದಳು, ಬೆರಳಿಗಂಟಿದ ಅರಿಶಿನ ಇನ್ನೂ ಹೋಗಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು. ವಾರದ ಮೇಲೆ ಊರಿಗೆ ಹೋದಳು. ಡಬ್ಬಿಯನ್ನು ಮರೆತಳೋ ಬಿಟ್ಟಳೋ, ಕೇಳಲು ನನಗೆ ಬಾಯಿ ಬರಲಿಲ್ಲ. ಒಡಹುಟ್ಟಿದವರ ನಡುವೆ ಎಂಥ ಧನ್ಯವಾದ, ಹಾಗೆ ಹೇಳಿದರೆ ಪರಕೀಯರಾಗಿಬಿಡುತ್ತೇವೆ ಎಂದು ಸಮಾಧಾನ ಮಾಡಿಕೊಂಡೆ. ಆ ಮಾತು ನಿಜವೇ. ಆದರೆ ನಾನು ಅದರ ಹಿಂದೆ ಅಡಗಿಸಿಟ್ಟದ್ದು ಕಳ್ಳತನವನ್ನು.

ಈ ಯುಗಾದಿಗೆ ನಾನೇ ಹೋಳಿಗೆ ಮಾಡಿದೆ. ಅರ್ಧಕ್ಕರ್ಧ ಹರಿದವು. ಹರಿದವನ್ನು ಮನೆಯಲ್ಲಿಟ್ಟು, ಮಿಕ್ಕವನ್ನು ವನಜಾಳ ಡಬ್ಬಿಯಲ್ಲೇ ತುಂಬಿಕೊಂಡು ಕನ್ನಡದವರು ಸೇರುವ ಕಡೆಗೆ ಹೋದೆ.

“ಆಂಟಿ, ಹೋದ ವರ್ಷದ್ದು ಇನ್ನೂ ಚೆನ್ನಾಗಿತ್ತಲ್ವಾ?” ಎಂದಳು ಸುಮಾ.

ಉಳಿದ ಹೋಳಿಗೆಗಳನ್ನು ತಟ್ಟೆಗೆ ಸುರಿದು, ಡಬ್ಬಿಯನ್ನು ಬೋರಲು ಹಾಕಿ ತಳದ ಹೆಸರು ತೋರಿಸಿದೆ. “ಅವು ಇವಳು ಮಾಡಿದ್ದು. ನನ್ನ ತಂಗಿ. ನಾನು ಸುಳ್ಳು ಹೇಳಿದ್ದೆ.”

ಸುಮಾ ಮೊಬೈಲಿನಲ್ಲಿ ಆ ಹೆಸರಿನ ಫೋಟೋ ತೆಗೆದುಕೊಂಡಳು.

ಮನೆಗೆ ಬಂದವಳೇ ಗದಗಿಗೆ ಫೋನು ಮಾಡಿದೆ. “ವನಜಾ, ಹ್ವಾದ ವರ್ಷದ ಹೋಳಿಗಿ ನಿಂದು ಅಂತ ಇವತ್ತ ಎಲ್ಲಾರಿಗೂ ಹೇಳಿದೆ.”

“ಒಂದ್ ವರ್ಷ ಬೇಕಾತೇನ ಅಕ್ಕಾ ನಿನಗ? ಇರ್ಲಿ ಬಿಡು. ಈ ಸಲ ಹೋಳಿಗಿ ಹೆಂಗ ಆಗಿದ್ವು?”

“ಹರದಾವ.”

“ಹರೀಲಿ. ಅವನ್ನ ಕಳಸು. ನನ್ನ ಡಬ್ಬ್ಯಾಗ.”

ನಾಳೆ ಊರಿಗೆ ಹೊರಡುವ ನೆರೆಮನೆಯವರಿಗಾಗಿ ಡಬ್ಬಿ ಬಾಗಿಲ ಬಳಿ ಕಾದಿದೆ. ಮೇಲೊಂದು ಹಿಡಿ ಸಕ್ಕರೆಯ ಪೊಟ್ಟಣ, ಕೆಳಗೆ ಹರಿದ ಆರು ಹೋಳಿಗೆ. ಯಾರು ಮಾಡಿದ್ದೆಂದು ದಾರಿಯಲ್ಲಿ ಯಾರಾದರೂ ಕೇಳಿದರೆ ಅವರು ನನ್ನ ಹೆಸರೇ ಹೇಳಿಬಿಡಲಿ, ಈ ಹರಿದವನ್ನು ಮಾಡಿದ್ದು ನಾನೇ.