ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಇವತ್ತು ಬೆಳಿಗ್ಗೆ ಡೊಂಬಿವಲಿ ಲೋಕಲ್ ರೈಲಿನಲ್ಲಿ ಎದುರು ಕೂತಿದ್ದ ಸ್ಕೌಟ್ ಹುಡುಗನ ತೋಳಿನ ತುಂಬ ಬ್ಯಾಜುಗಳು. ಶಾಲೆಯಲ್ಲಿ ಸ್ಕೌಟ್ ಆಗಿದ್ದಾಗ ನನಗೆ ಸಿಕ್ಕಿದ್ದು ಒಂದೇ, ಗಂಟು ಹಾಕುವುದಕ್ಕೆ.

ಆಗ ಅಮ್ಮ ಉಡುಪಿಯಲ್ಲಿದ್ದಳು. ಅಪ್ಪನಿಗೆ ತುರ್ಭೆಯ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವ ಕೆಲಸ. ಶಾಲೆಯಿಂದ ಬಂದು ನಮ್ಮ ಒಂದೇ ಕೋಣೆಯ ಖೋಲಿಯ ಬೀಗ ತೆಗೆದರೆ, ಅಪ್ಪ ಕಟ್ಟಿಟ್ಟುಹೋದ ಇಡ್ಲಿಯ ಪೊಟ್ಟಣ ಕಾಯುತ್ತಿತ್ತು. ದಾರದ ತುದಿ ಎಳೆದರೆ ಸಾಕು, ಗಂಟು ಬಿಚ್ಚಿಕೊಳ್ಳುತ್ತಿತ್ತು. ಇಡೀ ದಿನದಲ್ಲಿ ಅಪ್ಪ ನನ್ನೊಡನೆ ಆಡಿದ ಮಾತು ಅದೊಂದೇ ಅನಿಸುತ್ತಿತ್ತು.

ಬ್ಯಾಜಿನ ಪರೀಕ್ಷೆಯಲ್ಲಿ ಟೆಂಟಿನ ಹಗ್ಗಕ್ಕೂ ಅದೇ ಗಂಟು ಹಾಕಿದೆ. ಟೆಂಟ್ ಕುಸಿಯಿತು.

"ಏ, ಟೆಂಟ್ ಕಟ್ಟೋ ಅಂದ್ರ ಪಾರ್ಸೆಲ್ ಕಟ್ಟೀಯಲ್ಲೋ!" ಎಂದರು ಧಾರವಾಡ ಕಡೆಯ ನಮ್ಮ ಸ್ಕೌಟ್ ಸರ್. ಎಲ್ಲರೂ ನಕ್ಕರು.

ಅಪ್ಪನ ರಜೆಯ ದಿನ ಸಿಟ್ಟು ಕಾರಿಕೊಂಡೆ. "ನಿಮ್ಮ ಗಂಟು ನಿಲ್ಲುದೇ ಇಲ್ಲ!"

"ಹೌದಾ? ಹಾಗಾದ್ರೆ ನಾಳೆಯಿಂದ ಗಟ್ಟಿ ಹಾಕುವ," ಎಂದರು ಅಪ್ಪ.

ಮರುದಿನದಿಂದ ಪೊಟ್ಟಣಕ್ಕೆ ಕಗ್ಗಂಟು. ಕತ್ತರಿಯಿಂದ ಕತ್ತರಿಸಿ ಒಬ್ಬನೇ ತಿನ್ನುತ್ತಿದ್ದೆ. ಮುಂದಿನ ಪರೀಕ್ಷೆಯಲ್ಲಿ ಬ್ಯಾಜೂ ಬಂತು.

ಅಪ್ಪ ಈಗಿಲ್ಲ. ಇವತ್ತು ಮನೆಗೆ ಬಂದವನೇ ಒಂದು ಡಬ್ಬಿಗೆ ದಾರ ಸುತ್ತಿ ಅವರ ಆ ಮೊದಲಿನ, ಒಂದೇ ಎಳೆತದ ಗಂಟು ಹಾಕಿ ನೋಡಿದೆ. ಎಷ್ಟು ಎಳೆದರೂ ಬಿಚ್ಚಲಿಲ್ಲ. ಕೊನೆಗೆ ಎದ್ದು ಕತ್ತರಿ ತಂದೆ.