ಸೋತರೂ ಪಾಸು

ಖುರ್ಷಿದಾ ಟ್ರ್ಯಾಕ್ಟರ್ ಮೆಕ್ಯಾನಿಕ್ ಹಾಜಿಸಾಬರ ಮಗಳು. ಅಪ್ಪ ಇಂಜಿನ್ನಿಗೆ ಬೈದು ಓಡಿಸುತ್ತಾರೆ, ಮಗಳು ಕಂಪ್ಯೂಟರಿಗೆ ಬೈದು ಓಡಿಸುತ್ತಾಳೆ. ಗಂಗಾವತಿ ಕಡೆಯ ನಮ್ಮ ಕಾಲುವೆ ಸಂಘದ ಆಫೀಸಿನಲ್ಲಿ ಅವಳ ಪಕ್ಕದ ಮೇಜು ನನ್ನದು. ಅವಳ ಬಾಯಿ ಕೇಳದಿದ್ದರೆ ನನಗೆ ಚಹಾ ಕೂಡ ರುಚಿಸದು.

ನೀರಿನ ಪಾಳಿ ಬಂದಾಗ ರೈತರಿಗೆ ಕಂಪ್ಯೂಟರೇ ಫೋನ್ ಮಾಡುವ ಏರ್ಪಾಟು ಅವಳದು. ಅದರಲ್ಲಿ ಆಜ್ಞೆ ಓದಿ ಕೆಲಸ ಮಾಡಿಸುವ ತಂತ್ರಾಂಶಕ್ಕೆ ಶೆಲ್ ಎನ್ನುತ್ತಾರೆ. ಪ್ರತಿ ಕೆಲಸ ಮುಗಿದಾಗ ಅದು ಒಂದು ಅಂಕಿ ಹೇಳುತ್ತದೆ. ಸೊನ್ನೆ ಎಂದರೆ ಆಯಿತು, ಬೇರೆ ಅಂಕಿ ಎಂದರೆ ಕೆಟ್ಟಿತು. ಇಂಥ ಪರೀಕ್ಷೆ ನಮ್ಮ ಕಾಲದಲ್ಲಿದ್ದರೆ ನಾನೂ ಇಂಜಿನಿಯರಾಗುತ್ತಿದ್ದೆ.

ಒಂದು ದಿನ ಕಾಲುವೆಯ ಕೊನೆಯ ಗದ್ದೆಯ ಕರಿಯವ್ವ ಸಿಟ್ಟಿನಿಂದ ಬಂದಳು. ಪಾಳಿ ಬಂದುಹೋಗಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಇನ್ನೊಂದು ಪಾಳಿ ತಪ್ಪಿದರೆ ಭತ್ತದ ನಾಟಿ ಒಣಗುತ್ತದೆ.

"ಸೊನ್ನಿ ಬಂದೈತಿ ನೋಡ್ರಿ ಅತ್ತಿ, ಫೋನ್ ಹೋಗೈತಿ," ಎಂದಳು ಖುರ್ಷಿದಾ.

"ನಿನ್ನ ಸೊನ್ನಿ ನನ್ನ ಗದ್ದಿಗೆ ನೀರು ಬಿಡತೈತೇನ?" ಎಂದು ಕರಿಯವ್ವ ತನ್ನ ಫೋನು ಚಾಚಿದಳು. ಕರೆ ಬಂದ ಗುರುತೇ ಇರಲಿಲ್ಲ.

ಖುರ್ಷಿದಾ ಶೆಲ್ಲನ್ನೇ ಪರೀಕ್ಷೆಗೆ ಕೂರಿಸಿದಳು. ಅದರಲ್ಲಿ ಸೋಲುವುದಕ್ಕೆಂದೇ ಮಾಡಿದ ಒಂದು ಆಜ್ಞೆಯಿದೆ. ನೇರವಾಗಿ ಕೊಟ್ಟಾಗ 'ಒಂದು' ಎಂದಿತು, ಸರಿಯಾಗಿತ್ತು. ಅದನ್ನೇ ತೆರೆಯ ಹಿಂದೆ ತಾನಾಗಿ ಓಡಲು ಬಿಟ್ಟು, ಮುಗಿದ ಮೇಲೆ ಕೇಳಿದರೆ ಸೊನ್ನೆ! ನಮ್ಮ ಕರೆಗಳೆಲ್ಲ ಹೋಗುವುದು ಹಾಗೆ ತೆರೆಯ ಹಿಂದೆ ಓಡಿಕೊಂಡೇ. ಸಿಗ್ನಲ್ ಸಿಗದೆ ಕೆಟ್ಟ ಕರೆಗೂ ಶೆಲ್ 'ಆಯಿತು' ಎಂದಿತ್ತು.

"ಅಯ್ಯ ಇದರ! ಸೋತವರನ್ನೂ ಪಾಸ್ ಮಾಡಾಕತ್ತೈತ್ರಿ!" ಎಂದು ಮೇಜು ಬಡಿದಳು.

ಶೆಲ್ ಮಾಡಿದವರಿಗೆ ಬರೆದಳು. ಅವರು ಸರಿಪಡಿಸುವ ತನಕ ಭತ್ತ ಕಾಯುವುದಿಲ್ಲ. ನಮ್ಮ ಕಡೆ ಬಸ್ಸಿಳಿದರೂ ಮಿಸ್ಡ್ ಕಾಲ್, ಊಟಕ್ಕೆ ಕರೆಯಲೂ ಮಿಸ್ಡ್ ಕಾಲ್. ಅದನ್ನೇ ಹಿಡಿದಳು. ಸುದ್ದಿ ತಲುಪಿದವರು ಮಿಸ್ಡ್ ಕಾಲ್ ಕೊಡಬೇಕು. ಕೊಡದವರಿಗೆ ಕಂಪ್ಯೂಟರ್ ಮತ್ತೆ ಮತ್ತೆ ಫೋನ್ ಮಾಡುತ್ತದೆ.

ಮುಂದಿನ ಪಾಳಿಗೆ ಎಲ್ಲರ ಮಿಸ್ಡ್ ಕಾಲೂ ಬಂತು, ಕರಿಯವ್ವನದು ಬರಲಿಲ್ಲ. ಖುರ್ಷಿದಾ ಬೈಯುವುದನ್ನೇ ಬಿಟ್ಟಳು. ನನಗೂ ಭಯವಾಯಿತು. ಕೊನೆಗೆ ಫೋನ್ ರಿಂಗಾಯಿತು. ಒಂದು ರಿಂಗಿಗೆ ನಿಲ್ಲಲಿಲ್ಲ, ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಿದಳು.

"ಮಿಸ್ಡ್ ಕಾಲ್ ಕೊಡ್ರಿ ಅಂದಿದ್ನಲ್ರಿ ಅತ್ತಿ!"

"ಸುಮ್ನಿರವಾ. ಒಂದ ರಿಂಗಿನಾಗ ಹೆಂಗ ಹೇಳ್ಲಿ? ಗದ್ದ್ಯಾಗ ನಿಂತೀನಿ, ಮೊಣಕಾಲ ಮಟ ತೋಯ್ದೀನಿ. ತಡಿ, ನೀನೂ ಕೇಳು."

ಖುರ್ಷಿದಾ ಕಣ್ಣೊರೆಸಿಕೊಂಡು ನಗುತ್ತ, ಫೋನನ್ನು ನನ್ನ ಕಿವಿಗೆ ಹಿಡಿದಳು. ನೀರು ಗುಳುಗುಳು ಎನ್ನುತ್ತಿತ್ತು.