ಮಗಳ ಮುರ್ಗಾ ಕುಣಿತ

ಹೋದ ವರ್ಷ ಮಿಯಾಪುರದಿಂದ ಮೆಟ್ರೊ ಹತ್ತಿ ಮಗಳ ತಂಡದ ಹುಂಜದ ಕುಣಿತ ನೋಡಲು ಹೋಗಿದ್ದೆ. ಐದು ವೇಷದ ಹುಂಜಗಳು ಜುಟ್ಟಿನಂತೆ ತಲೆಗೆ ಕೆಂಪು ರಬ್ಬರ್ ಕೈಗವಸು ಕಟ್ಟಿಕೊಂಡು, ಕುರ್ಚಿ ಏರಿ ಮೊಟ್ಟೆ ಇಡಲು ತಿಣುಕುತ್ತಿದ್ದವು. ಎಲ್ಲರ ಜೊತೆ ನಾನೂ ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಮಗಳು ಮುಂದೆ ಬಂದು ಬಗ್ಗಿ, ಮೊಣಕಾಲುಗಳ ಹಿಂದಿನಿಂದ ಕೈ ತೂರಿಸಿ, ಕಿವಿ ಹಿಡಿದುಕೊಂಡು ಕುಪ್ಪಳಿಸಿದಳು. ಜನ ಇನ್ನೂ ಜೋರಾಗಿ ನಕ್ಕರು. ನನ್ನ ನಗು ನಿಂತಿತು.

ಅದು ಅವಳ ಬಾಲ್ಯದಲ್ಲಿ ನಾನು ಕೊಡುತ್ತಿದ್ದ ಶಿಕ್ಷೆ. ಜೀಡಿಮೆಟ್ಲಾದ ಕಾರ್ಖಾನೆಯಿಂದ ಸಿಟ್ಟು ಹೊತ್ತು ಬಂದ ದಿನ, ಮಗ್ಗಿ ತಪ್ಪಿದರೂ ಸಾಕು, "ಮುರ್ಗಾ ಆಗು" ಎಂದು ಎಂಟು ವರ್ಷದವಳನ್ನು ನೆರೆಯವರ ಕಣ್ಣೆದುರೇ ಹುಂಜದಂತೆ ಬಗ್ಗಿಸುತ್ತಿದ್ದೆ. ಒಮ್ಮೆ ಮುಗ್ಗರಿಸಿ ಹಲ್ಲು ಮುರಿದುಕೊಂಡಳು. ಆಗಲೂ ಎದ್ದೇಳು ಎನ್ನಲಿಲ್ಲ.

ಆಟ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದಳು.

"ನಗು ಬಂತಿಲ್ರಿ ಅಪ್ಪಾ?"

"ಭಾಳ ಬಂತವ್ವಾ."

"ಕುಪ್ಪಳಸೋದು ಯಾರ ಕಲಿಸ್ಯಾರ ಅಂತ ಎಲ್ಲಾರೂ ಕೇಳಾಕತ್ತಾರ್ರಿ. ನಮ್ಮಪ್ಪಾರ ಅಂತ ಹೇಳೀನಿ."

ಹಾಗೆಂದು ನನ್ನ ಮುಖವನ್ನೇ ನೋಡುತ್ತ ನಿಂತಳು. ತಪ್ಪಾಯಿತು ಎಂಬ ಒಂದು ಮಾತಿಗೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಐದೈದು ನಿಮಿಷಕ್ಕೆ ಬರುವ ಮೆಟ್ರೊ ತಪ್ಪಿಹೋಗುತ್ತದೆ ಎಂದು ಹೇಳಿ ಹೊರಟುಬಿಟ್ಟೆ.